ನೋಡದ ರೈಲಿನ ನೆನಪು

2020ರ ಮೇ 1ರ ನಸುಕು. ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಹೈದರಾಬಾದಿನ ಪಶ್ಚಿಮ ಅಂಚಿನ ಲಿಂಗಂಪಲ್ಲಿ ನಿಲ್ದಾಣದಿಂದ 24 ಬೋಗಿಗಳ ರೈಲೊಂದು ಹೊರಟಿತು. ಒಳಗಿದ್ದವರು ಸುಮಾರು 1,200 ಜನ, ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ ಐಐಟಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಬಂದು ಸಿಕ್ಕಿಬಿದ್ದಿದ್ದ ಜಾರ್ಖಂಡಿನ ಕೂಲಿಕಾರರು. ಕೂಲಿ ಕೊಡಿ, ಊರಿಗೆ ಕಳಿಸಿ ಎಂದು ಏಪ್ರಿಲ್ 29ರಂದು ಅವರು ಸಿಟ್ಟಿನಿಂದ ಹೊರಗೆ ಬಂದಿದ್ದರು. ಆಮೇಲೆ ಅವರನ್ನು ಬಸ್ಸುಗಳಲ್ಲಿ ಲಿಂಗಂಪಲ್ಲಿಗೆ ತಂದು, 72 ಜನರ ಬೋಗಿಗೆ 54 ಜನರಂತೆ ಕೂರಿಸಿದರು. ಅದೇ ರಾತ್ರಿ ಹನ್ನೊಂದರ ಹೊತ್ತಿಗೆ ರೈಲು ರಾಂಚಿ ಪಕ್ಕದ ಹಟಿಯಾ ತಲುಪಿತು. ಅಂದು ಕೊರೊನಾ ಲಾಕ್‌ಡೌನಿನ 38ನೇ ದಿನ. ವಲಸೆ ಕಾರ್ಮಿಕರನ್ನು ಊರು ಮುಟ್ಟಿಸಲು ಈ ದೇಶ ಓಡಿಸಿದ ಮೊದಲ ರೈಲು ಅದು.

ರೈಲು ಹೊರಟ ಮೇಲೆಯೇ ಸುದ್ದಿ ಹೊರಬಿದ್ದದ್ದು. ಜನ ಮುಗಿಬೀಳುತ್ತಾರೆ ಎಂಬ ಭಯಕ್ಕೆ ಎಲ್ಲವನ್ನೂ ಗುಟ್ಟಾಗಿ ಮಾಡಿ ಮುಗಿಸಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಹೊತ್ತು, ಹೊರಗೆ ಕತ್ತಲೆ, ಸುತ್ತ ಪೊಲೀಸರು. ಹಾಗಿದ್ದರೂ ಇಂದು ನಿಲ್ದಾಣದ ಆಚೀಚೆ ಚಹಾದಂಗಡಿಯಲ್ಲೋ ಆಟೋ ಸ್ಟ್ಯಾಂಡಿನಲ್ಲೋ ಮಾತು ತೆಗೆದರೆ, ಆ ರೈಲನ್ನು ಕಣ್ಣಾರೆ ಕಂಡೆ ಎನ್ನುವವರು ಸಿಗುತ್ತಾರೆ. ಅವರು ಹೇಳುವ ಚಿತ್ರದಲ್ಲಿ ಹಗಲಿದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಪ್ಲಾಟ್‌ಫಾರ್ಮಿನ ತುಂಬ ಜನ, ಕೈ ಬೀಸುವ ಪೊಲೀಸರು. ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಆಮೇಲಿನ ವಾರಗಳಲ್ಲಿ ಹೊರಟ ಬೇರೆ ರೈಲುಗಳು, ಟೀವಿಯಲ್ಲಿ ಸರದಿಯಂತೆ ಬಂದ ಚಿತ್ರಗಳು, ವಾಟ್ಸಾಪಿನಲ್ಲಿ ಹರಿದಾಡಿದ ವಿಡಿಯೊಗಳು, ಎಲ್ಲವೂ ಸೇರಿ ಅವರೊಳಗೆ ಒಂದು ರೈಲಾಗಿವೆ. ಆ ರೈಲಿಗೆ ಮೇ 1ರ ಹೆಸರು ಅಂಟಿಕೊಂಡಿದೆ.

ಇದು ಲಿಂಗಂಪಲ್ಲಿಯವರಿಗೆ ಮಾತ್ರ ಅಂಟಿದ ದೋಷವಲ್ಲ. 1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಎಲ್ ಆಲ್ ಕಂಪನಿಯ ಸರಕು ವಿಮಾನವೊಂದು ಬಹುಮಹಡಿ ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಅಪ್ಪಳಿಸಿದ ಆ ಕ್ಷಣವನ್ನು ಯಾರೂ ಚಿತ್ರೀಕರಿಸಿರಲಿಲ್ಲ. ಟೀವಿಯಲ್ಲಿ ಬಂದದ್ದು ನಂತರದ ಬೆಂಕಿ, ಹೊಗೆ ಮತ್ತು ಅವಶೇಷ. ಕೆಲವು ತಿಂಗಳ ಬಳಿಕ ಕ್ರೊಂಬಾಗ್, ವಾಗೆನಾರ್, ವಾನ್ ಕೊಪ್ಪೆನ್ ಎಂಬ ಮನೋವಿಜ್ಞಾನಿಗಳು ಜನರನ್ನು ಕೇಳಿದರು: ವಿಮಾನ ಕಟ್ಟಡಕ್ಕೆ ಬಡಿಯುವ ದೃಶ್ಯವನ್ನು ಟೀವಿಯಲ್ಲಿ ನೋಡಿದ್ದೀರಾ? ಶೇಕಡಾ 55 ಜನ ಹೌದೆಂದರು. ಇನ್ನೊಂದು ಗುಂಪಿನಲ್ಲಿ ಈ ಪ್ರಮಾಣ ಶೇಕಡಾ 66. ಬಡಿಯುವ ಮೊದಲೇ ಬೆಂಕಿ ಹತ್ತಿತ್ತೇ, ಯಾವ ಕೋನದಲ್ಲಿ ಬಂತು ಎಂಬುದನ್ನೂ ಹಲವರು ವಿವರಿಸಿದರು. ಇಲ್ಲದ ಚಿತ್ರವನ್ನು ಅವರ ಮೆದುಳು ತಾನೇ ತಯಾರಿಸಿಕೊಂಡಿತ್ತು.

ಇಷ್ಟು ದೊಡ್ಡ ದುಃಖವನ್ನು ನೆನಪಿಡುವಾಗಲೂ ನಾವು ಇಷ್ಟೊಂದು ತಪ್ಪುತ್ತೇವೆಯೇ? ವಿಜ್ಞಾನಿಗಳೂ ಬಹುಕಾಲ ಇದನ್ನು ನಂಬಿರಲಿಲ್ಲ. ದೊಡ್ಡ ಆಘಾತದ ನೆನಪು ಕಲ್ಲಿನಲ್ಲಿ ಕೆತ್ತಿದಂತೆ ಉಳಿಯುತ್ತದೆಂದೇ ಎಲ್ಲರ ಎಣಿಕೆ. ಅಬ್ರಹಾಂ ಲಿಂಕನ್ ಹತ್ಯೆಯಾಗಿ 33 ವರ್ಷಗಳ ನಂತರ ಎಫ್. ಡಬ್ಲ್ಯೂ. ಕೋಲ್‌ಗ್ರೋವ್ ಎಂಬಾತ 179 ಜನರನ್ನು, ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ ಎಂದು ವಿಚಾರಿಸಿದ. 127 ಮಂದಿ ಎಲ್ಲಿದ್ದೆವು, ಯಾರು ಹೇಳಿದರು, ಏನು ಮಾಡುತ್ತಿದ್ದೆವು ಎಂಬುದನ್ನೆಲ್ಲ ಹೇಳಿದರು. ನಮ್ಮಲ್ಲೂ ಹೀಗೆಯೇ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯ ಸುದ್ದಿ ಬಂದಾಗ ಎಲ್ಲಿದ್ದಿರಿ ಎಂದು ಹಿರಿಯರನ್ನು ಕೇಳಿ. ಕಿರಿಯರನ್ನು 2021ರ ಅಕ್ಟೋಬರ್ 29ರ ಶುಕ್ರವಾರದ ಬಗ್ಗೆ, ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಎಂದು ಮೊದಲು ಹೇಳಿದವರು ಯಾರು ಎಂದು ಕೇಳಿ. ತಡವರಿಸದೆ ಉತ್ತರ ಬರುತ್ತದೆ. 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಇಂಥ ನೆನಪುಗಳಿಗೆ ‘ಫ್ಲ್ಯಾಶ್‌ಬಲ್ಬ್ ನೆನಪು’ ಎಂದು ಹೆಸರಿಟ್ಟರು. ಆಘಾತವೂ ಮಹತ್ವವೂ ಕೂಡಿ ಬಂದರೆ ಮೆದುಳು ಆ ಕ್ಷಣವನ್ನು, ಸುತ್ತಲಿನ ಕ್ಷುಲ್ಲಕ ವಿವರಗಳ ಸಮೇತ, ಅಲ್ಲೇ ಅಚ್ಚು ಹಾಕಿಬಿಡುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಒರೆಗೆ ಹಚ್ಚಿದವರು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಉಲ್ರಿಕ್ ನೈಸರ್. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದು ಏಳು ಯಾನಿಗಳು ಸತ್ತರು. ಮರುದಿನ ಬೆಳಿಗ್ಗೆಯೇ ನೈಸರ್ 106 ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದದ್ದು ಹೇಗೆಂದು ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆಗಳನ್ನು ಕೊಟ್ಟು ನೈಸರ್ ಮತ್ತು ನಿಕೋಲ್ ಹಾರ್ಷ್ ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಏಳು ಅಂಕದ ಅಳತೆಯಲ್ಲಿ ಸರಾಸರಿ ಮೂರನ್ನೂ ಮುಟ್ಟಲಿಲ್ಲ. ನಾಲ್ಕನೇ ಒಂದು ಪಾಲು ಜನಕ್ಕೆ ಸೊನ್ನೆ. ಸ್ಥಳ, ಜೊತೆಗಿದ್ದವರು, ಹೇಳಿದವರು, ಎಲ್ಲವೂ ತಪ್ಪು. ಆದರೆ ತಮ್ಮ ನೆನಪಿನ ಮೇಲೆ ಆ 44 ಜನರಿಗಿದ್ದ ಭರವಸೆ ಸರಾಸರಿ ಐದಕ್ಕೆ ನಾಲ್ಕಕ್ಕಿಂತ ಹೆಚ್ಚು. ತರಗತಿಯಲ್ಲಿ ಯಾರೋ ಹೇಳಿದರೆಂದು ಅಂದು ಬರೆದಿದ್ದವರು ಈಗ ಟೀವಿಯಲ್ಲಿ ನೋಡಿದೆ ಎನ್ನುತ್ತಿದ್ದರು. ಅವರವರ ಕೈಬರಹವನ್ನೇ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ಅದು ಅಳಿದುಹೋಗಿತ್ತು.

2001ರ ಸೆಪ್ಟೆಂಬರ್ 11ರ ಮರುದಿನ ಡ್ಯೂಕ್ ವಿಶ್ವವಿದ್ಯಾಲಯದ ಜೆನಿಫರ್ ತಲಾರಿಕೊ ಮತ್ತು ಡೇವಿಡ್ ರೂಬಿನ್ ಇನ್ನೂ ಜಾಣ ಪ್ರಯೋಗ ಮಾಡಿದರು. 54 ವಿದ್ಯಾರ್ಥಿಗಳಿಂದ ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲಿನ ದಾಳಿಯ ಸುದ್ದಿ ತಿಳಿದ ಕ್ಷಣದ ಜೊತೆಗೆ, ಅದಕ್ಕೂ ಮುಂಚಿನ ಕೆಲವು ದಿನಗಳ ಒಂದು ಮಾಮೂಲಿ ಪ್ರಸಂಗವನ್ನೂ ಬರೆಸಿಕೊಂಡರು. ವಾರಗಳು ಕಳೆದಂತೆ ಎರಡೂ ನೆನಪುಗಳು ಒಂದೇ ವೇಗದಲ್ಲಿ ಸವೆದವು. ವ್ಯತ್ಯಾಸವಿದ್ದದ್ದು ಒಂದರಲ್ಲೇ. ಮಾಮೂಲಿ ಪ್ರಸಂಗದ ನೆನಪಿನ ಮೇಲೆ ವಿದ್ಯಾರ್ಥಿಗಳ ನಂಬಿಕೆಯೂ ಸವೆಯಿತು, ದುರಂತದ ನೆನಪಿನ ಮೇಲಿನ ನಂಬಿಕೆ ಸವೆಯಲಿಲ್ಲ. ಆಘಾತವು ನೆನಪಿಗೆ ನಿಖರತೆ ಕೊಡುವುದಕ್ಕಿಂತ ಹೆಚ್ಚಾಗಿ ಹೊಳಪು ಕೊಡುತ್ತದೆ. ಹೊಳಪನ್ನೇ ನಾವು ನಿಖರತೆ ಎಂದು ತಿಳಿಯುತ್ತೇವೆ.

ಇದರ ಹಿಂದಿನ ಯಂತ್ರಾಂಗ ಈಗ ಸಾಕಷ್ಟು ಗೊತ್ತಿದೆ. ಕಿವಿಯ ಮಟ್ಟದಲ್ಲಿ, ಮೆದುಳಿನ ಒಳಭಾಗದಲ್ಲಿ, ಎಡಕ್ಕೂ ಬಲಕ್ಕೂ ಒಂದೊಂದು ಬಾದಾಮಿಯಾಕಾರದ ಭಾಗವಿದೆ. ಅದೇ ಅಮಿಗ್ಡಲಾ. ಭಯವಾದಾಗ, ಎದೆ ಹೊಡೆದುಕೊಂಡಾಗ ಹರಿಯುವ ನಾರ್‌ಅಡ್ರಿನಲಿನ್ ಇದನ್ನು ಎಚ್ಚರಿಸುತ್ತದೆ. ಪಕ್ಕದ ಹಿಪ್ಪೊಕ್ಯಾಂಪಸ್‌ಗೆ, ಅಂದರೆ ಅನುಭವವನ್ನು ನೆನಪಾಗಿ ಕಟ್ಟುವ ಭಾಗಕ್ಕೆ, ಇದನ್ನು ಗಟ್ಟಿಯಾಗಿ ಹಿಡಿ ಎಂದು ಅಮಿಗ್ಡಲಾ ಸೂಚಿಸುತ್ತದೆ. 1994ರಲ್ಲಿ ಲ್ಯಾರಿ ಕೇಹಿಲ್ ಮತ್ತು ಜೇಮ್ಸ್ ಮೆಗಾ ಅವರ ತಂಡ ಕೆಲವರಿಗೆ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟು, ಬಾಲಕನೊಬ್ಬ ಅಪಘಾತಕ್ಕೆ ಸಿಕ್ಕ ಕಥೆಯನ್ನು ಚಿತ್ರಗಳೊಂದಿಗೆ ಹೇಳಿತು. ನಾರ್‌ಅಡ್ರಿನಲಿನ್ ಪ್ರಭಾವವನ್ನು ತಡೆಯುವ ಮಾತ್ರೆ ಅದು. ಮಾತ್ರೆ ನುಂಗದವರಿಗೆ ಕಥೆಯ ದಾರುಣ ಭಾಗ ಚೆನ್ನಾಗಿ ನೆನಪುಳಿಯಿತು. ನುಂಗಿದವರಿಗೆ ಆ ಹೆಚ್ಚುವರಿ ಲಾಭ ಸಿಗಲಿಲ್ಲ. ಆದರೆ ಅಮಿಗ್ಡಲಾ ಎಲ್ಲವನ್ನೂ ಸಮನಾಗಿ ಹಿಡಿಸುವುದಿಲ್ಲ. ಕಣ್ಣಿಗೆ ಕುಕ್ಕಿದ ಒಂದೆರಡು ಸಂಗತಿಗಳು ಅಚ್ಚೊತ್ತುತ್ತವೆ, ಸುತ್ತಲಿನದು ಮಸುಕಾಗುತ್ತದೆ. ಆ ಮಸುಕನ್ನು ಮುಂದೆ ಪ್ರತಿ ಸಲ ಕಥೆ ಹೇಳುವಾಗ ಅರಿವಿಲ್ಲದೆ ತುಂಬಿಕೊಳ್ಳುತ್ತೇವೆ. ಅಂಗಳದ ರಂಗೋಲಿಯನ್ನು ದಿನವೂ ಬೆಳಿಗ್ಗೆ ಹೊಸದಾಗಿ ಬಿಡಿಸುತ್ತಾರಲ್ಲ, ನೆನಪೂ ಹಾಗೆಯೇ. ಚುಕ್ಕಿಯ ಲೆಕ್ಕ ಅದೇ ಇರಬಹುದು, ಎಳೆ ನಿನ್ನೆಯದಲ್ಲ.

ಈ ಸಂಶೋಧನೆಗಳನ್ನು ಓದಿದವರಲ್ಲಿ ಹಲವರು ನೆನಪನ್ನು ನಂಬಲೇಬಾರದು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಸುದ್ದಿ ಕೇಳಿದವರ ಮೇಲೆ ನಡೆದವು. ಅನುಭವಿಸಿದವರ ಮಾತೇ ಬೇರೆ. ತಾಲಿ ಶಾರೋಟ್ ಮತ್ತು ಸಂಗಡಿಗರು ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿದ್ದವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಅವಳಿ ಗೋಪುರಗಳ ಹತ್ತಿರವೇ ಇದ್ದವರು ಆ ದಿನವನ್ನು ನೆನೆದಾಗ ಅಮಿಗ್ಡಲಾ ಎದ್ದು ಕಾಣುವಂತೆ ಚುರುಕಾಯಿತು. ಕೆಲವು ಮೈಲಿ ದೂರದಲ್ಲಿದ್ದವರಲ್ಲಿ ಹಾಗಾಗಲಿಲ್ಲ. ಡೆನ್ಮಾರ್ಕಿನಲ್ಲಿ ಡೊರ್ಥೆ ಬರ್ನ್‌ಟ್ಸೆನ್ ಮತ್ತು ಡೊರ್ಥೆ ಥಾಮ್ಸೆನ್ ವೃದ್ಧರನ್ನು ಕೂರಿಸಿಕೊಂಡು, ಜರ್ಮನ್ ಸೇನೆ ನುಗ್ಗಿದ 1940ರ ಏಪ್ರಿಲ್ 9 ಮತ್ತು ಬಿಡುಗಡೆಯಾದ 1945ರ ಮೇ ಬಗ್ಗೆ ಕೇಳಿ, ಅಂದಿನ ಹವಾಮಾನದ ದಾಖಲೆಗೆ ಹೋಲಿಸಿದರು. ಆರು ದಶಕ ಕಳೆದಿದ್ದರೂ ಉತ್ತರಗಳು ಅಚ್ಚರಿಯಾಗುವಷ್ಟು ಸರಿಯಾಗಿದ್ದವು. ಪ್ರತಿರೋಧ ಚಳವಳಿಯೊಂದಿಗೆ ನಂಟಿದ್ದವರ ನೆನಪು ಇನ್ನೂ ನಿಖರ. ಬ್ರೌನ್ ಮತ್ತು ಕುಲಿಕ್ ಅವರ ಆ ಹಳೆಯ ಅಧ್ಯಯನದಲ್ಲೇ ಇನ್ನೊಂದು ಅಂಕಿಯಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಕ್ಷಣ ಕಪ್ಪು ಅಮೆರಿಕನ್ನರಲ್ಲಿ 40ಕ್ಕೆ 30 ಜನರಿಗೆ ಅಚ್ಚೊತ್ತಿತ್ತು, ಬಿಳಿಯರಲ್ಲಿ 40ಕ್ಕೆ 13 ಜನರಿಗೆ. ಸಾವು ಯಾರಿಗೆ ತಮ್ಮ ಮನೆಯದೆನಿಸಿತೋ ಅವರ ತಲೆಯಲ್ಲಿ ಅದು ಉಳಿಯಿತು. ಒಂದು ದೇಶದ ದುರಂತ ಎನ್ನುತ್ತೇವೆ, ಆದರೆ ದೇಶದ ಎಲ್ಲರ ತಲೆಯಲ್ಲೂ ಅದು ಒಂದೇ ಅಳತೆಯಲ್ಲಿ ಇರುವುದಿಲ್ಲ.

ಲಿಂಗಂಪಲ್ಲಿಯಲ್ಲಿ ಕನ್ನಡ ಕೇಳಿಸಬೇಕೆಂದರೆ ಬೆಳಿಗ್ಗೆ ಏಳರ ಹೊತ್ತಿಗೆ ಕೂಲಿಯವರು ನಿಲ್ಲುವ ಅಡ್ಡಾಕ್ಕೆ ಹೋಗಬೇಕು. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಬರುವ ರೈಲುಗಳಿಗೆ ಈ ಊರೇ ಹೈದರಾಬಾದಿನ ಹೆಬ್ಬಾಗಿಲು. ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಗುಳೆ ಬಂದ ಗೌಂಡಿಗಳು, ಬುಟ್ಟಿ ಹೊರುವ ಹೆಂಗಸರು ಇಲ್ಲಿಂದಲೇ ಗಚ್ಚಿಬೌಲಿ, ನಲ್ಲಗಂಡ್ಲ, ತೆಲ್ಲಾಪುರದ ಕಟ್ಟಡಗಳಿಗೆ ಹಂಚಿಹೋಗುತ್ತಾರೆ. ಗುರುಮಠಕಲ್ ಕಡೆಯ ದಂಪತಿಯೊಬ್ಬರು ಅಲ್ಲಿ ನನಗೆ ಪರಿಚಯ. ಆ ಬೇಸಿಗೆಯಲ್ಲಿ ಅವರು ರೈಲಿಗೆ ಕಾಯದೆ ಪರಿಗಿ, ಕೊಡಂಗಲ್ ಮೇಲಿಂದ ಮಗುವನ್ನು ಎತ್ತಿಕೊಂಡು ನಡೆದವರು. ಯಾವಾಗ ಹೊರಟಿರಿ ಎಂದು ಕೇಳಿದೆ.

“ಯುಗಾದಿ ಮರುದಿನಾನೇ ಬಿಟ್ವಿ” ಅಂದ ಗಂಡ.

“ಇವ್ರಿಗೆ ನೆನಪಿಲ್ರೀ ಅಣ್ಣಾರ” ಅಂದಳು ಹೆಂಡತಿ. “ದೀಪ ಹಚ್ಚಿದ ರಾತ್ರಿ ನಾವಿನ್ನಾ ಶೆಡ್ಡಿನಾಗೇ ಇದ್ವಿ. ಮೇಸ್ತ್ರಿ ಮೇಣಬತ್ತಿ ಕೊಟ್ಟಿದ್ದ. ಎಣ್ಣಿ ಮುಗದಿತ್ತು, ಪಲ್ಯಾಕೇ ಇರಲಿಲ್ಲ, ದೀಪಕ್ಕ ಎಲ್ಲಿಂದ ತರೂದು?”

ಊರ ಶಾಲೆಯಲ್ಲಿ ಕ್ವಾರಂಟೈನ್ ಇಟ್ಟಾಗ ಕೊಟ್ಟ ಚೀಟಿಯನ್ನು ಅವಳು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಳು. ಮಡಿಕೆಯ ಗೆರೆಯಲ್ಲಿ ಶಾಯಿ ಹರಡಿತ್ತು, ಆದರೂ ತಾರೀಖು ಓದುವಂತಿತ್ತು: ಏಪ್ರಿಲ್ ಎರಡನೇ ವಾರ. ಪ್ರಧಾನಿಯ ಕರೆಗೆ ದೇಶವೆಲ್ಲ ದೀಪ ಹಚ್ಚಿದ ಆ ರಾತ್ರಿ ಏಪ್ರಿಲ್ 5. ಅವಳ ಲೆಕ್ಕ ಸರಿ. ದಾರಿಯಲ್ಲಿ ಒಬ್ಬ ಮುದುಕಿ ಮಜ್ಜಿಗೆ ಕೊಟ್ಟದ್ದು ಇಬ್ಬರಿಗೂ ನೆನಪಿದೆ. ಬೆಳಿಗ್ಗೆ ಅನ್ನುತ್ತಾನೆ ಅವನು, ಸಂಜೆ ಅನ್ನುತ್ತಾಳೆ ಅವಳು. ಮಗುವಿನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಗೊಬ್ಬರದ ಚೀಲದ ದಾರದಿಂದ ಕಟ್ಟಿದ್ದನ್ನು ಮಾತ್ರ ಇಬ್ಬರೂ ಒಂದೇ ರೀತಿ, ಒಂದೇ ಕೈಸನ್ನೆಯಲ್ಲಿ ತೋರಿಸಿದರು. ಪ್ರಯೋಗಾಲಯಗಳು ಹೇಳುವುದೂ ಇದನ್ನೇ. ನಡುವಿನ ನೋವು ಗಟ್ಟಿಯಾಗಿ ನಿಲ್ಲುತ್ತದೆ. ಅಂಚಿನ ಹೊತ್ತು, ದಿನ, ಅನುಕ್ರಮ ಕದಲುತ್ತವೆ. ಅವಳಿಗೆ ತಾರೀಖು ಗೊತ್ತಿರಲಿಲ್ಲ, ದೀಪದ ರಾತ್ರಿ ಗೊತ್ತಿತ್ತು. ಆ ಒಂದು ಗುರುತಿಗೆ ಕಟ್ಟಿದ್ದರಿಂದ ಅವಳ ನೆನಪು ತೇಲಿಹೋಗಲಿಲ್ಲ.

ಲಾಕ್‌ಡೌನಿನ ದುರಂತವನ್ನು ದೇಶವಾಗಿ ನೆನಪಿಡುವುದು ಕಷ್ಟವಾಗಿರುವುದೂ ಇಲ್ಲಿಯೇ. ಹತ್ಯೆಗೊಂದು ಕ್ಷಣವಿದೆ, ಸ್ಫೋಟಕ್ಕೊಂದು ಸದ್ದಿದೆ. ನಡಿಗೆಗೆ ಹಾಗೊಂದು ಕ್ಷಣವಿಲ್ಲ. ಲಾಕ್‌ಡೌನ್ ಘೋಷಿಸಿದ 2020ರ ಮಾರ್ಚ್ 24ರ ರಾತ್ರಿ ಎಂಟರ ಪ್ರಧಾನಿಯ ಭಾಷಣ ನಮಗೆಲ್ಲ ನೆನಪಿದೆ. ಮರುದಿನ ಶಾರ್ವರಿ ಸಂವತ್ಸರದ ಯುಗಾದಿ, ಬೇವುಬೆಲ್ಲಕ್ಕೂ ಹೊರಗೆ ಹೋಗಲಾಗಲಿಲ್ಲ ಎಂಬುದೂ ನೆನಪಿದೆ. ಅವೆರಡೂ ಮನೆಯೊಳಗೆ ಕೂತವರ ನೆನಪುಗಳು. ಹೆದ್ದಾರಿಯಲ್ಲಿದ್ದವರ ದುಃಖ ವಾರಗಟ್ಟಲೆ ಹಂಚಿಹೋಯಿತು. ತೆಲಂಗಾಣದ ಮೆಣಸಿನ ಹೊಲದಿಂದ ಛತ್ತೀಸಗಢದ ಬಿಜಾಪುರಕ್ಕೆ ನಡೆದು, ಊರು ಹತ್ತಿರವಾದಾಗ ಸತ್ತ 12 ವರ್ಷದ ಹುಡುಗಿ. ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿ ಸರಕು ರೈಲಿಗೆ ಸಿಕ್ಕ 16 ಜನ. ಮೇ 6ರಿಂದ ರೈಲು ಬೇಡವೆಂದು ಕರ್ನಾಟಕ ಸರ್ಕಾರ ಕಟ್ಟಡ ನಿರ್ಮಾಣದಾರರ ಸಭೆಯ ಬೆನ್ನಿಗೇ ಪತ್ರ ಬರೆದು, ಟೀಕೆ ಕೇಳಿ ಒಂದೆರಡು ದಿನದಲ್ಲಿ ಹಿಂತೆಗೆದುಕೊಂಡದ್ದು. ಇದನ್ನು ಎಷ್ಟು ಕನ್ನಡಿಗರು ಇಂದು ನೆನೆಯುತ್ತಾರೆ? ಒಂದೊಂದು ಸುದ್ದಿಯೂ ಮುಂದಿನ ಸುದ್ದಿಯ ಕೆಳಗೆ ಹೂತುಹೋಯಿತು.

ಹೀಗೆ ಹೂತುಹೋಗುವುದು ಹೊಸತಲ್ಲ. 1918ರ ಇನ್‌ಫ್ಲುಯೆಂಜಾ ಈ ನೆಲದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಡಿಮೆ ಬಂತು. ಅಷ್ಟಾದರೂ ಅದರ ನೆನಪಿಗೆ ಒಂದು ಕಲ್ಲು ನೆಟ್ಟದ್ದನ್ನು ನಾನು ಕಂಡಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೊಂದ 1898ರ ಬೆಂಗಳೂರಿನ ಪ್ಲೇಗ್ ಇನ್ನೂ ನೆನಪಿನಲ್ಲಿದೆ. ಅದಕ್ಕೆ ಪ್ಲೇಗಮ್ಮನ ಗುಡಿಗಳಿವೆ, ಅದರ ದೆಸೆಯಿಂದ ಬೆಳೆದ ಮಲ್ಲೇಶ್ವರ, ಬಸವನಗುಡಿ ಇವೆ. ಹೈದರಾಬಾದಿನಲ್ಲೂ ಅಷ್ಟೇ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ ಸುಮಾರು 15,000 ಜನ ಸತ್ತರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆ ಮರ ಹತ್ತಿ 150ಕ್ಕೂ ಹೆಚ್ಚು ಜನ ಬದುಕಿದರು. ಆ ಮರದ ಕೆಳಗೆ ಇಂದಿಗೂ ಸೆಪ್ಟೆಂಬರ್ 28ರಂದು ಜನ ಸೇರುತ್ತಾರೆ. ನಿಜಾಮರು ಕರೆಸಿದ ಎಂ. ವಿಶ್ವೇಶ್ವರಯ್ಯನವರ ಯೋಜನೆಯಿಂದ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೂ ಆ ಪ್ರವಾಹದ ಸಾಕ್ಷಿಗಳೇ. ಮರ, ಗುಡಿ, ಕೆರೆ, ತಾರೀಖು ಇದ್ದ ಕಡೆ ನೆನಪು ತಲೆಮಾರು ದಾಟುತ್ತದೆ. ಅದೇನೂ ಪವಾಡವಲ್ಲ. ಮೆದುಳಿಗೆ ಸುಳಿವು ಬೇಕು, ಸಮಾಜಕ್ಕೂ ಬೇಕು.

ಲಿಂಗಂಪಲ್ಲಿಯಿಂದ ಶುರುವಾದ ಶ್ರಮಿಕ್ ರೈಲುಗಳು ಆಗಸ್ಟ್ ಮುಗಿಯುವಷ್ಟರಲ್ಲಿ 4,621 ಆದವು, 63.19 ಲಕ್ಷ ಜನರನ್ನು ಸಾಗಿಸಿದವು. ಆ ರೈಲುಗಳಲ್ಲೇ 97 ಜನ ಸತ್ತರೆಂದು ಸರ್ಕಾರ ರಾಜ್ಯಸಭೆಗೆ ಹೇಳಿತು. ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆಗೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ, ಅಂಥ ಲೆಕ್ಕ ಇಟ್ಟಿಲ್ಲ ಎಂಬುದು. ಲೆಕ್ಕವೇ ಇಲ್ಲದ ಕಡೆ ನೆನಪೊಂದೇ ದಾಖಲೆ. ಆ ನೆನಪು ಕದಲುವ ಬಗೆಯೂ ನಮಗೀಗ ಗೊತ್ತಿದೆ. ವಿಲಿಯಂ ಹರ್ಸ್ಟ್ ಮತ್ತು ಸಂಗಡಿಗರು ಸೆಪ್ಟೆಂಬರ್ 11ರ ನೆನಪುಗಳನ್ನು ಹತ್ತು ವರ್ಷ ಹಿಂಬಾಲಿಸಿದಾಗ ತಪ್ಪುಗಳು ಹೆಚ್ಚಾಗಿ ನುಸುಳಿದ್ದು ಮೊದಲ ವರ್ಷದಲ್ಲೇ ಎಂದು ಕಂಡಿತು. ಆಮೇಲೆ ತಪ್ಪೂ ಸೇರಿ ಕಥೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಇಂದು ಸಿಗುವುದು ಅಂದಿನ ಮೊದಲ ನೆನಪಲ್ಲ. ಹಾಗೆಂದು ಇನ್ನೂ ಕಾದರೆ ಹೇಳುವವರೇ ಇರುವುದಿಲ್ಲ. ದೇಶ ವಿಭಜನೆಗೆ ಅಮೃತಸರದಲ್ಲೊಂದು ವಸ್ತುಸಂಗ್ರಹಾಲಯ ತೆರೆದದ್ದು 2017ರಲ್ಲಿ, 70 ವರ್ಷ ತಡವಾಗಿ.

ನಿಮ್ಮ ಊರಿನಲ್ಲೂ ಆ ಬೇಸಿಗೆಯಲ್ಲಿ ನಡೆದು ಬಂದವರು ಇದ್ದಾರೆ. ಅವರ ಪಕ್ಕ ಕೂತು ಕೇಳಿ, ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ತಾರೀಖು ಕೇಳಬೇಡಿ, ಯುಗಾದಿಗೆ ಮುಂಚೆಯೋ ಆಮೇಲೋ, ದೀಪದ ರಾತ್ರಿ ಎಲ್ಲಿದ್ದಿರಿ, ಬಸವ ಜಯಂತಿಗೆ ಊರು ಮುಟ್ಟಿದ್ದಿರಾ, ರಂಜಾನ್ ಚಂದ್ರ ಕಂಡಾಗ ದಾರಿಯಲ್ಲಿದ್ದಿರಾ ಎಂದು ಕೇಳಿ. ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ, ಅಳು ಬಂದರೆ ಅಲ್ಲಿಗೇ ನಿಲ್ಲಿಸಿ. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿ. ಟಿಕೆಟ್ಟು, ಕ್ವಾರಂಟೈನ್ ಚೀಟಿ, ಹಳೆಯ ಫೋನಿನ ಫೋಟೊ ಏನಿದ್ದರೂ ಅದರ ಚಿತ್ರ ತೆಗೆದು ಜೊತೆಗಿಡಿ. ಸಾಧ್ಯವಾದರೆ ಈ ವಾರವೇ ಶುರು ಮಾಡಿ.